ವಿಶಾಲಾಕ್ಷಿ ಹೇಳದ ಹೆಸರು

ನನ್ನ ಅಕ್ಷರ ವಕ್ರ, ಮಾತೂ ಅಷ್ಟಕ್ಕಷ್ಟೇ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳ ಬರಹವೆಂದು ಮನ್ನಿಸಬೇಕು. ತೆಲುಗು ಸೀಮೆಯ ನಮ್ಮ ಸನತ್‌ನಗರದ ಓಣಿಯ ವಿಶಾಲಾಕ್ಷಿಯ ಸಂಗತಿಯನ್ನು ಆದಷ್ಟು ತಿದ್ದಿಕೊಂಡು ಬರೆದಿದ್ದೇನೆ.

ವಿಶಾಲಾಕ್ಷಿ ಕಲಬುರಗಿ ಕಡೆಯವಳು. ಬಲ್ಬಿನ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುವ ಕೆಲಸ. ಗಂಡ ಊರಿನ ಇನ್ನೊಂದು ತುದಿಯ ಮಣಿಕೊಂಡದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದಮೇಲೆ ಮನೆಗೆ ಬರುವುದನ್ನೇ ಬಿಟ್ಟ. ಈಗ ಹೆಂಡತಿ ಸತ್ತಳೆಂದು ಹೇಳಿ ಇನ್ನೊಂದು ಹೆಣ್ಣು ಗೊತ್ತುಮಾಡಿಕೊಂಡಿದ್ದ, ಭಾನುವಾರ ನಿಶ್ಚಿತಾರ್ಥ. ಸುದ್ದಿ ಕೇಳಿದಾಗಿನಿಂದ ಅವಳು ಸೇಡಿಗೆ ದಾರಿ ಹುಡುಕುತ್ತಿದ್ದಳು.

ಅದೇ ವಾರ ನೇತ್ರಾ ಎಂಬ ಹುಡುಗಿ ಬಾಗಿಲಿಗೆ ಬಂದಳು. ಹಳೆಯ ಆರೋಗ್ಯ ಸಮೀಕ್ಷೆ, ಹೊಸದಾಗಿ ಮಾಡಿದ ಮನೆಮನೆ ಸಮೀಕ್ಷೆ ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ, ಮುಂದಿನ ಜನಗಣತಿಯಲ್ಲಿ ಯಾರೂ ಬಿಟ್ಟುಹೋಗದಂತೆ, ಯಾರೂ ಎರಡು ಸಲ ಎಣಿಕೆಯಾಗದಂತೆ ನೋಡುವ ಸಂಶೋಧನೆ ಅವರದು. ಎರಡರ ವಿವರ ಹೊಂದದ ಮನೆಗಳಿಗೆ ಅವಳೇ ಹೋಗಿ ಕೇಳಬೇಕು.

"ಹಳೇದ್ರಾಗ ನಿಮಗ ಗಂಡ ಅದಾರ್ರಿ, ಹೊಸದ್ರಾಗ ವಿಧವೆ ಅಂತ ಐತಿ. ಯಾವುದು ಖರೆ?"

ಆಗಿದ್ದಿಷ್ಟೇ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ವಿಶಾಲಾಕ್ಷಿ ಅದನ್ನು ಎಂದೂ ಬಾಯಿಗೆ ತಂದವಳಲ್ಲ. ಯಾರು ಕೇಳಿದರೂ ಪಕ್ಕದ ಮನೆಯ ಜಯಮ್ಮನೇ ಹೇಳಬೇಕು. ಹೊಸ ಸಮೀಕ್ಷೆಯ ದಿನ ಜಯಮ್ಮ ಊರಿಗೆ ಹೋಗಿದ್ದಳು. ಗಂಡನ ಹೆಸರು ಕೇಳಿದಾಗ ತಲೆ ತಗ್ಗಿಸಿ ನಿಂತವಳನ್ನು ಕಂಡು, ಸಮೀಕ್ಷೆಗೆ ಬಂದಿದ್ದ ತೆಲುಗಿನವನು ಗಂಡ ಇಲ್ಲವೆಂದೇ ತಿಳಿದುಬಿಟ್ಟಿದ್ದ.

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಜಯಮ್ಮ ಬಿದ್ದು ಬಿದ್ದು ನಕ್ಕಳು. "ಅವ ಬಾಯಿ ಬಿಟ್ಟು ನಿನ್ನ ಕೊಂದ, ನೀ ಬಾಯಿ ಮುಚ್ಚಿ ಅವನ್ನ ಕೊಂದಿ! ಎಂಥಾ ಜೋಡಿ ನಿಮ್ದು! ಇರ್ಲಿ ಬಿಡ, ಸತ್ತಂವ ಸಾಯ್ಲಿ."

"ಸತ್ತಂವಗ ನಾಚಿಕಿ ಆಗೂದಿಲ್ಲಕ್ಕಾ. ನನಗ ಅವ ಜೀವಂತ ಬೇಕು."

"ಹಂಗಾರ ಹೆಸರು ನಾ ಹೇಳ್ತೀನಿ."

"ಬ್ಯಾಡ, ನಾನ ಹೇಳ್ತೀನಿ." ವಿಶಾಲಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸೂರ್ಯಕಾಂತ." ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು: "ಸೂರ್ಯಕಾಂತ ಹಣಮಂತರಾಯ. ಆಯುಷ್ಯ ಕಡಿಮಿ ಆದ್ರ ಆಗ್ಲಿ."

ನೇತ್ರಾ ಬರೆದುಕೊಳ್ಳುತ್ತಿದ್ದಂತೆ ವಿಶಾಲಾಕ್ಷಿ ಮುಂದೆ ಬಾಗಿ ಕೇಳಿದಳು: "ಮಣಿಕೊಂಡದಾಗ ಹೆಂಡ್ತಿ ಸತ್ತಾಳಂತ ಬರಸ್ಯಾನೇನವಾ? ಅದನ್ನ ಹುಡುಗಿ ಕಡ್ಯಾವ್ರಿಗೆ ತೋರಸ್ತೀಯೇನು?"

"ಇಲ್ರಿ ಅಕ್ಕಾರ. ಒಬ್ಬರದು ಇನ್ನೊಬ್ಬರಿಗೆ ಹೇಳೂಹಂಗಿಲ್ಲ. ಇದು ಬರೇ ಎಣಿಕಿಗಿ."

ಕಂಪ್ಯೂಟರು ತನ್ನ ಸೇಡು ತೀರಿಸುವುದಿಲ್ಲವೆಂದು ತಿಳಿದು ವಿಶಾಲಾಕ್ಷಿಗೆ ಬೇಸರವೇನೂ ಆಗಲಿಲ್ಲ. ಅವನ ಹೆಸರು ಹೇಳಲು ಬಾಯಂತೂ ತೆರೆದಿತ್ತು. ನಿಶ್ಚಿತಾರ್ಥದ ಭಾನುವಾರ ಅವಳು ಜಯಮ್ಮನನ್ನು ಕರೆದುಕೊಂಡು ಮಣಿಕೊಂಡಕ್ಕೆ ಹೋಗುತ್ತಾಳೆ. ಹೆಣ್ಣಿನವರೆಲ್ಲ ಕೂತಿರುವಾಗ ಬಾಗಿಲಲ್ಲಿ ನಿಂತು ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ.