ಕಂಬವಿಲ್ಲದ ಮೂಲೆ

ಗೋಡೆಯನ್ನು ಯಾವ ಗೌಂಡಿಯಾದರೂ ಕಟ್ಟಿಯಾನು, ಮೂಲೆ ಎಬ್ಬಿಸುವುದಕ್ಕೆ ಮಾತ್ರ ಕಲ್ಲೋಳಿಯ ಸೋಮಪ್ಪನನ್ನೇ ಕರೆಸಬೇಕು ಎಂಬ ಮಾತು ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಬಹಳ ವರ್ಷ ಓಡಾಡಿತ್ತು. ಹದಿನಾರನೆಯ ವಯಸ್ಸಿನಲ್ಲಿ ಹೊಲದ ಕೆಲಸ ಬಿಟ್ಟು, ಕೌಜಲಗಿಯ ಕರೆಪ್ಪ ಎಂಬ ಹಿರಿಯ ಗೌಂಡಿಯ ಕೈಕೆಳಗೆ ಸೇರಿದವನು ಅವನು. ಒಂದು ಸಾಲಿನಲ್ಲಿ ಈ ಗೋಡೆಯ ಕಲ್ಲು ಮುಂದೆ ಚಾಚಬೇಕು, ಅದರ ಮೇಲಿನ ಸಾಲಿನಲ್ಲಿ ಆ ಗೋಡೆಯದು. ಹಾಗೆ ಕಲ್ಲು ಕಲ್ಲನ್ನು ಕಚ್ಚಿಕೊಂಡು ಮೇಲೇರಿದರೆ ಮನೆ ನೂರು ವರ್ಷ ನಿಲ್ಲುತ್ತದೆ. ಕರೆಪ್ಪ ಕಲಿಸಿದ್ದು ಅಷ್ಟೇ. ಅಷ್ಟನ್ನು ಕೈಗೆ ಹತ್ತಿಸಿಕೊಳ್ಳಲು ಸೋಮಪ್ಪನಿಗೆ ಎಂಟು ವರ್ಷ ಹಿಡಿದಿತ್ತು.

ಆಮೇಲೆ ಸಿಮೆಂಟಿನ ಕಂಬಗಳು ಬಂದವು. ಮೂಲೆಯನ್ನು ಕಟ್ಟುವ ಕಾಲ ಹೋಗಿ, ಹಲಗೆ ಬಡಿದು ಸುರಿಯುವ ಕಾಲ ಬಂತು. ಅರವತ್ತು ದಾಟಿದ ಮೇಲೆ ಮೊಳಕಾಲೂ ಮಾತು ಕೇಳದಾದಾಗ ಸೋಮಪ್ಪ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂತ.

ಮಗ ಗುರುಪಾದನಿಗೆ ಊರಲ್ಲೇ ಪಂಪಿನ ಮೋಟರು ರಿಪೇರಿ ಮಾಡುವ ಅಂಗಡಿ. ಸೊಸೆ ನೇತ್ರಾ ಹುಕ್ಕೇರಿಯವಳು, ಐಟಿಐಯಲ್ಲಿ ನಕ್ಷೆ ಬರೆಯುವುದನ್ನು ಕಲಿತವಳು. ಗೋಕಾಕಿನ ಎಂಜಿನಿಯರ್ ಶಿವಕುಮಾರರ ಆಫೀಸಿಗೆ ಕಟ್ಟಡಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡುತ್ತಿದ್ದಳು. ವಾರದಲ್ಲಿ ಮೂರು ದಿನ ಆಫೀಸು, ಉಳಿದ ದಿನ ಮನೆಯ ಪಡಸಾಲೆಯಲ್ಲೇ ಲ್ಯಾಪ್‌ಟಾಪು.

ಒಂದು ದಿನ ಮುಂಜಾನೆ ಸೋಮಪ್ಪ ಚಹಾದ ಕಪ್ಪು ಹಿಡಿದು ಅವಳ ಹಿಂದೆ ಕುರ್ಚಿ ಎಳೆದುಕೊಂಡ. ಪರದೆಯ ಮೇಲೆ ಮೂರಂತಸ್ತಿನ ಕಟ್ಟಡವೊಂದು ನಿಂತಿತ್ತು. ರಸ್ತೆಯ ಕಡೆಗೆ ಪೂರ್ತಿ ಗಾಜಿನ ಗೋಡೆ, ಓಣಿಯ ಕಡೆಗೂ ಪೂರ್ತಿ ಗಾಜಿನ ಗೋಡೆ. ಎರಡೂ ಕೂಡುವ ಮೂಲೆಯಲ್ಲಿ ಎರಡು ಅಲ್ಯೂಮಿನಿಯಂ ಪಟ್ಟಿಗಳು ಒಂದರೊಳಗೊಂದು ಹೊಕ್ಕು ನಿಂತಿದ್ದವು.

"ಇವೆರಡೂ ಯಾಕ ಹಿಂಗ ಜಗಳಾ ಆಡಾಕತ್ತಾವವಾ?"

ನೇತ್ರಾ ನಕ್ಕಳು. "ಒಂದೊಂದು ಗ್ವಾಡೀನೂ ತನ್ನ ತುದಿಗೆ ತನ್ನ ಪಟ್ಟಿ ತಾನ ತರತೈತ್ರಿ ಮಾವಾರ. ಮೂಲ್ಯಾಗ ಬಂದು ಎರಡೂ ಹಾಯತಾವ. ಈಗ ಎರಡನ್ನೂ ತಗದಹಾಕತೇನಿ."

"ತಗದು ಅಲ್ಲೇನ ನಿಂದರಸ್ತಿ?"

"ಏನೂ ಇಲ್ರಿ. ಗಾಜಿಗೆ ಗಾಜ."

ಅವಳ ಬೆರಳು ಆಡಿತು. ಪಟ್ಟಿಗಳೆರಡೂ ಮಾಯವಾಗಿ ಅಲ್ಲೊಂದು ಸಂದು ಉಳಿಯಿತು. ರಸ್ತೆಯ ಕಡೆಯ ಗಾಜನ್ನು ತುಸು ಮುಂದೆ ಚಾಚಿ, ಓಣಿಯ ಗಾಜನ್ನು ಅದಕ್ಕೆ ತಾಗಿಸಿ ನಿಲ್ಲಿಸಿದಳು. ಮೂಲೆ ನೀರಿನಂತೆ ತಿಳಿಯಾಯಿತು. ಸೋಮಪ್ಪನ ಕೈಯ ಚಹಾ ಕೈಯಲ್ಲೇ ಉಳಿಯಿತು.

"ಮತ್ತ ಭಾರ ಯಾರ ಹೊರತಾರ?"

ನೇತ್ರಾ ಎಲ್ಲ ಗಾಜನ್ನೂ ಒಮ್ಮೆಗೇ ಮರೆಮಾಡಿ, ಕಟ್ಟಡವನ್ನು ಬುಗುರಿಯಂತೆ ತಿರುಗಿಸಿ, ಕೆಳಗಿನಿಂದ ಎತ್ತಿ ತೋರಿಸಿದಳು. ಮೂಲೆಯಿಂದ ನಾಲ್ಕು ಅಡಿ ಒಳಗೆ ದಪ್ಪನೆಯ ಕಂಬವೊಂದಿತ್ತು. ಅದರ ತಲೆಯಿಂದ ತೊಲೆಗಳು ಹೊರಗೆ ಚಾಚಿ ಸ್ಲ್ಯಾಬನ್ನು ಹಿಡಿದಿದ್ದವು.

"ಗಾಜು ತನ್ನ ಮೈ ಭಾರ ಅಷ್ಟ ಹೊರತೈತ್ರಿ. ಉಳದದ್ದೆಲ್ಲಾ ಈ ಕಂಬದ್ದು."

ಕಟ್ಟಿದ ಗೋಡೆಯ ಒಡಲನ್ನು ಸೋಮಪ್ಪ ಆಯುಷ್ಯದಲ್ಲಿ ಎರಡೇ ಹೊತ್ತಿನಲ್ಲಿ ಕಂಡಿದ್ದ, ಕಟ್ಟುವಾಗ ಮತ್ತು ಕೆಡವುವಾಗ. ಇಲ್ಲಿ ಅವನ ಸೊಸೆ ಇನ್ನೂ ಹುಟ್ಟದ ಕಟ್ಟಡವೊಂದರ ಎಲುಬನ್ನು ಬೇಕೆಂದಾಗ ತೆರೆದು, ಬೇಡವೆಂದಾಗ ಮುಚ್ಚುತ್ತಿದ್ದಳು. ಅವನಿಗೆ ಮೈ ಜುಮ್ಮೆಂದಿತು. ಅಂದಿನಿಂದ ಅವನ ಕುರ್ಚಿ ಅವಳ ಬೆನ್ನ ಹಿಂದೆಯೇ ಉಳಿಯಿತು. ಊಟಕ್ಕೆ ಕರೆದು ಕರೆದು ಅವನ ಹೆಂಡತಿ ಪಾರವ್ವ ಬೇಸತ್ತಳು.

ಎರಡು ವಾರ ಕಳೆದಿರಬೇಕು. "ಮುಗೀತ್ರಿ ಮಾವಾರ," ಎಂದಳು ನೇತ್ರಾ ಒಂದು ಸಂಜೆ. "ನಾಳಿ ಗಾಜಿನ ಅಳತಿ ಕಾರ್ಖಾನಿಗೆ ಹೋಗತಾವು. ಒಟ್ಟ ಮೂವತ್ತಾರು ಗಾಜು. ಕಾಸಿ ಗಟ್ಟಿ ಮಾಡಿದ ಮ್ಯಾಲ ಒಂದು ಕೂದಲಷ್ಟೂ ಕೊಯ್ಯಾಕ ಬರಂಗಿಲ್ಲ."

"ಕಟ್ಟಡ ಎಲ್ಲಿ ಬರತೈತಿ?"

"ಮೂಡಲಗ್ಯಾಗ್ರಿ. ಅಪ್ಪಣ್ಣ ಸಾಹುಕಾರ್ರ ಅರಿವಿ ಅಂಗಡಿ. ಹಳೇ ಹತ್ತಿ ಗೋದಾಮು ಕೆಡವಿದ ಜಾಗಾದಾಗ. ಕಂಬ, ಸ್ಲ್ಯಾಬು ಆಗಲೇ ಎದ್ದಾವು."

ಸೋಮಪ್ಪ ಮುಂದೆ ಬಾಗಿದ. ಪರದೆಯ ಮೇಲಿನ ಮೂಲೆಯನ್ನೇ ನೋಡುತ್ತ ಕೇಳಿದ, "ಈ ಮೂಲಿ ಎಷ್ಟಕ್ಕ ಇಟ್ಟೀದಿ?"

"ತೊಂಬತ್ತು ಡಿಗ್ರಿ. ಜಾಗಾದ ಕಾಗದದಾಗ ಹಂಗ ಐತ್ರಿ."

"ಕಾಗದ ತಪ್ಪೈತಿ. ಆ ಗೋದಾಮಿನ ಮೂಲಿ ಎಬ್ಬಿಸಿದಾಂವ ನಾನ. ಅದು ಗುಣ್ಯಾಕ್ಕ ಕೂಡಂಗಿಲ್ಲ."

ಗುಣ್ಯಾ ಎಂದರೆ ಮೂಲೆ ನೆಟ್ಟಗೆ ಚೌಕವಾಗಿದೆಯೇ ಎಂದು ನೋಡಲು ಗೌಂಡಿಗಳು ಇಡುವ ಕಬ್ಬಿಣದ ಮಟ್ಟ. ಆ ಓಣಿಯಲ್ಲಿ ಹಿಂದೆ ಹಳೆಯ ನಾಲೆಯೊಂದು ಓರೆಯಾಗಿ ಹರಿಯುತ್ತಿತ್ತು. ಅದರ ದಂಡೆ ಹಿಡಿದೇ ಗೋಡೆ ಹೋಗಲಿ ಎಂದು ಕರೆಪ್ಪ ಮೂಲೆಯನ್ನು ತುಸು ಬಿಚ್ಚಿಸಿ ಕಟ್ಟಿಸಿದ್ದ. ಹೊಸ ಕಟ್ಟಡದವರು ಹಳೆಯ ಅಡಿಪಾಯದ ಗೆರೆ ಹಿಡಿದೇ ಕಂಬ ಎಬ್ಬಿಸಿದ್ದರೆ ಅದೇ ಓರೆ ಅಲ್ಲಿಯೂ ಉಳಿದಿರಬೇಕು. ನೇತ್ರಾ ಮಾವನ ಮುಖವನ್ನೊಮ್ಮೆ ನೋಡಿ, ಫೋನು ಎತ್ತಿ ಶಿವಕುಮಾರರಿಗೆ ಹೇಳಿದಳು. ಅವರು ಮೊದಲು ನಕ್ಕರು. ಆಮೇಲೆ, ಯಾವುದಕ್ಕೂ ನಾಳೆ ಜಾಗಕ್ಕೆ ಬನ್ನಿ, ನೋಡಿಯೇ ಅಳತೆ ಕಳಿಸೋಣ ಎಂದರು.

ಮರುದಿನ ಮಾವ, ಸೊಸೆ ಮೊದಲ ಬಸ್ಸಿಗೆ ಮೂಡಲಗಿಗೆ ಹೋದರು. ಸ್ಲ್ಯಾಬಿನ ಅಂಚಿನುದ್ದಕ್ಕೂ ದಾರ ಎಳೆದು, ಮೂಲೆಯಿಂದ ಒಂದು ಕಡೆ ಆರು ಅಡಿ, ಇನ್ನೊಂದು ಕಡೆ ಎಂಟು ಅಡಿಗೆ ಸೋಮಪ್ಪ ಸುಣ್ಣದ ಗುರುತು ಹಾಕಿದ.

"ಇಲ್ಲಿಂದ ಅಲ್ಲಿಗೆ ಅಡ್ಡ ಹಿಡೀರಿ ಸಾಹೇಬ್ರ. ಚೌಕ ಇದ್ರ ಹತ್ತು ಅಡಿ ಬರಬೇಕು."

ಶಿವಕುಮಾರ ಟೇಪು ಹಿಡಿದು ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಬಾಗಿ ಓದಿದರು.

"ಹತ್ತು ಅಡಿ ಮೂರು ಇಂಚು," ಎಂದರು ಮೆಲ್ಲಗೆ. "ಅಂದ್ರ ತೊಂಬತ್ತಮೂರು ಡಿಗ್ರಿ. ಕಾಕಾ, ಓಣಿ ತುದಿಗೆ ಹೋಗೋದ್ರಾಗ ಒಂದು ಅಡಿ ಫರಕು ಬೀಳತಿತ್ತು. ಗಾಜು ಹೋಗಿ ಆ ತುದೀ ಕಂಬಕ್ಕ ಬಡೀತಿತ್ತು."

ಸೋಮಪ್ಪನಿಗೆ ಗೆದ್ದೆನೆಂದು ಅನ್ನಿಸಲಿಲ್ಲ. ಎಳೆಯ ವಯಸ್ಸಿನಲ್ಲೊಮ್ಮೆ ಅವನ ಮೂಲೆ ಒಂದು ಬೆರಳಿನಷ್ಟು ಸರಿದಿತ್ತು. ಕರೆಪ್ಪ ನಾಲ್ಕು ಸಾಲು ಕೆಡವಿಸಿದ್ದ. ಮತ್ತೆ ಏರಿಸಲು ಆರು ದಿನ ಹಿಡಿದಿತ್ತು. ಈ ಹುಡುಗಿಯೋ ಮೂರಂತಸ್ತನ್ನು ಕೂಡಿಸಿದ್ದಾಳೆ, ಅದೂ ಎರಡು ತಿಂಗಳು ಕಣ್ಣು ಕೆಂಪು ಮಾಡಿಕೊಂಡು.

"ಎಲ್ಲಾ ಮತ್ತ ಮೊದಲಿಂದ ಏನವಾ? ಎಷ್ಟ ದಿನ ಹಿಡೀತೈತಿ?"

ನೇತ್ರಾ ಸಿಮೆಂಟಿನ ಚೀಲಗಳ ಮೇಲೆ ಲ್ಯಾಪ್‌ಟಾಪು ಇಟ್ಟು, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ನೀವ ನೋಡ್ರಿ," ಎಂದು ಓಣಿಯ ಗೋಡೆಯನ್ನು ಆರಿಸಿ, ತೊಂಬತ್ತು ಅಳಿಸಿ ತೊಂಬತ್ತಮೂರು ಬರೆದಳು.

ಕಟ್ಟಡ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಆ ಇಡೀ ಗೋಡೆ ಬಾಗಿಲು ತೆರೆದಂತೆ ಹೊರಕ್ಕೆ ಸರಿಯಿತು. ಅದರ ಜೊತೆಗೆ ಗಾಜು ಸರಿದವು, ಗಾಜು ಹಿಡಿದ ಪಟ್ಟಿಗಳು ಸರಿದವು, ಮೂಲೆಯ ಸಂದು ತನ್ನನ್ನು ತಾನೇ ಹೊಸದಾಗಿ ಕೊಯ್ದುಕೊಂಡಿತು. ಪರದೆಯ ಬದಿಯ ಪಟ್ಟಿಯಲ್ಲಿ ಅಳತೆಯ ಅಂಕಿಗಳು ಒಂದಾದ ಮೇಲೊಂದು ಬದಲಾದವು. ಎರಡು ಕಡೆ ಮಾತ್ರ ಸರಿ ಕೂಡಲಿಲ್ಲವೆಂದು ಎಚ್ಚರಿಕೆ ಬಂತು. ಅವನ್ನು ನೇತ್ರಾ ಅರ್ಧ ತಾಸಿನಲ್ಲಿ ಕೈಯಾರೆ ತಿದ್ದಿದಳು.

"ಬಸವಾ," ಎಂದಷ್ಟೇ ಅಂದ ಸೋಮಪ್ಪ. ಕೂತಿದ್ದವನು ಯಾವಾಗ ಎದ್ದು ನಿಂತನೋ ಅವನಿಗೇ ಗೊತ್ತಿರಲಿಲ್ಲ.

ಗಾಜು ಬರುವುದಕ್ಕೆ ಆರು ವಾರ ಬೇಕಾಯಿತು. ಕೂಡಿಸುವ ದಿನ ಸೋಮಪ್ಪ ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದ. ಗಾಜು ಕೂಡಿಸುವ ಮಾಲಿಂಗ ಗಟ್ಟಿ ಆಳು, ಮಾತು ಕಡಿಮೆ. ಅಂಗೈಯಗಲದ ರಬ್ಬರಿನ ಬಟ್ಟಲುಗಳನ್ನು ಗಾಜಿಗೆ ಅಂಟಿಸಿ, ನಾಲ್ಕು ಮಂದಿಯೊಡನೆ ಒಂದೊಂದನ್ನೇ ಎತ್ತುತ್ತಿದ್ದ. ಮೂಲೆಯ ಎರಡನೆಯ ಗಾಜು ಮೊದಲನೆಯದರ ಹತ್ತಿರ ಬಂದಾಗ ಸೋಮಪ್ಪ ಉಸಿರು ಹಿಡಿದ.

"ಸಾವಕಾಶ, ಸಾವಕಾಶ... ಬಿಡ್ರಿ," ಎಂದ ಮಾಲಿಂಗ.

ಗಾಜು ಕೂತಿತು. ಮೇಲಿನಿಂದ ಕೆಳಗಿನವರೆಗೆ ಎರಡರ ನಡುವೆ ಕಿರುಬೆರಳು ಹೋಗುವಷ್ಟು ಸಂದು, ಎಲ್ಲಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾಲಿಂಗ ಅದಕ್ಕೆ ಅಂಟು ತುಂಬಿ ಬೆರಳಿನಿಂದ ನುಣ್ಣಗೆ ಸವರಿದ.

ಸೋಮಪ್ಪ ಒಳಗೆ ಹೋಗಿ ಮೂಲೆಗೆ ಮುಖ ಮಾಡಿ ನಿಂತ. ಗೋಕಾಕದ ಬಸ್ಸೊಂದು ರಸ್ತೆಯಲ್ಲಿ ಬಂದು ಓಣಿಯ ಬಾಯಿಯಲ್ಲಿ ತಿರುಗಿತು. ಅವನು ಕಟ್ಟಿದ ಮನೆಗಳ ಕಿಟಕಿಯಲ್ಲಾದರೆ ಬಸ್ಸು ಮೂಲೆಯ ಹಿಂದೆ ಮರೆಯಾಗಿ, ಸದ್ದಷ್ಟೇ ಉಳಿಯುತ್ತಿತ್ತು. ಇಲ್ಲಿ ಅದು ಎಲ್ಲಿಯೂ ತುಂಡಾಗದೆ, ಕಿಟಕಿಯಲ್ಲಿ ಕೂತ ಮಂದಿಯ ಸಮೇತ, ಒಂದು ಗಾಜಿನಿಂದ ಇನ್ನೊಂದಕ್ಕೆ ಇಡಿಯಾಗಿ ದಾಟಿತು. ಇನ್ನೊಂದು ಬಸ್ಸು ಬರುವವರೆಗೆ ಕಾದ. ಅದೂ ದಾಟಿತು. ಮೂಲೆಯೆಂದರೆ ನೋಟ ನಿಲ್ಲುವ ಜಾಗ ಎಂದೇ ಅವನು ಇಷ್ಟು ವರ್ಷ ತಿಳಿದಿದ್ದ.

ಆ ಭಾನುವಾರ ಪಾರವ್ವನನ್ನೂ ಕರೆದೊಯ್ದ. ಅವಳು ಹೊರಗಿನಿಂದ ಗಾಜಿಗೆ ಕೈಯಿಟ್ಟು ಮೂಲೆಯವರೆಗೆ ಸವರಿಕೊಂಡು ಹೋದಳು. "ಕಂಬ ಎಲ್ಲೈತ್ರಿ?" ಎಂದಳು. ಸೋಮಪ್ಪ ಒಳಗಿನ ಕಂಬ, ಮೇಲಿನ ತೊಲೆ ಎಲ್ಲವನ್ನೂ ಬೆರಳು ಮಾಡಿ ತೋರಿಸಿ, ಯಾರು ಯಾರ ಭಾರ ಹೊರುತ್ತಾರೆಂದು ವಿವರಿಸಿದ. ಪಾರವ್ವ ಪೂರ್ತಿ ಕೇಳಿ, "ನಿಮ್ಮ ಕಾಲದಾಗ ಇದು ಇದ್ದಿದ್ರ ನಿಮ್ಮ ಬೆನ್ನಾದ್ರೂ ಉಳೀತಿತ್ತು," ಎಂದಳು.

ಈಗ ಶಿವಕುಮಾರರ ಆಫೀಸಿನವರು ಹಳೆಯ ಜಾಗ ಅಳೆಯುವುದಿದ್ದರೆ ಸೋಮಪ್ಪನನ್ನು ಬಿಟ್ಟು ಹೋಗುವುದಿಲ್ಲ. ಮೊನ್ನೆ ಹತ್ತರಗಿಯಲ್ಲಿ, ಹೆದ್ದಾರಿಯ ಪಕ್ಕದ ಹೊಸ ಹೋಟೆಲಿನ ಕೆಲಸ ಬಂತು.

"ಇದ್ರಾಗ ಮೂಲಿನ ಇಲ್ರಿ ಮಾವಾರ," ಎಂದಳು ನೇತ್ರಾ. "ಗ್ವಾಡಿ ಗುಂಡಗ ತಿರಗತೈತಿ."

"ಗಾಜು ಬಾಗತೈತೇನವಾ?" ಎಂದ ಸೋಮಪ್ಪ. ಅವಳು ಉತ್ತರ ಕೊಡುವ ಮೊದಲೇ ಜಾಗ ನೋಡಲು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದ.