ಏಳು ಸಲ ತೊಳೆದ ಒಲೆ

ಮೊನ್ನೆ ಮಣಿಪಾಲದ ಮಗಳ ಮನೆಯಲ್ಲಿದ್ದಾಗ ಅಳಿಯ ಒಂದು ಪುಟ್ಟ ಗ್ಯಾಸ್ ಒಲೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಚ್ಚಿ ಹರಡಿಕೊಂಡು ಕೂತಿದ್ದ. ಬಾರ್ಬೆಕ್ಯೂವಂತೆ, ಮೀನು ಕೋಳಿ ಸುಡುವುದು. ಬಿಸಿನೀರಿಗೆ ಸೋಡಾಪುಡಿ ಕದಡಿ ಅದರ ಜಾಲರಿಯ ಮೇಲೆ ಹೊಯ್ದದ್ದೇ ತಡ, ಹಳೆಯ ಕೊಬ್ಬು ಕರಗಿ ಒಂದು ವಾಸನೆ ಎದ್ದಿತು... ಸುಟ್ಟ ಎಣ್ಣೆ, ಸಾಬೂನು, ಒದ್ದೆ ಕಬ್ಬಿಣ, ಮೂರೂ ಕಲಸಿದ್ದು. ನಾನು ಅಕ್ಕಿ ಆರಿಸುವುದನ್ನು ಬಿಟ್ಟು ಎದ್ದು ನಿಂತೆ. ನಲವತ್ತು ವರ್ಷಗಳ ಹಿಂದೆ ಕಾಪುವಿನ ಒಂದು ಹಿತ್ತಿಲಲ್ಲಿ, ಇದೇ ವಾಸನೆಯ ನಡುವೆ, ನಾನು ಮೊಣಕೈಯವರೆಗೆ ಮಸಿ ಮಾಡಿಕೊಂಡು ಕೂತಿದ್ದೆ. ನನ್ನ ಎದುರು ಆಚೆಮನೆಯ ಅಕ್ಕ ಕೂತಿದ್ದರು.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಮದುವೆಯಾಗಿ ಕಾರ್ಕಳದಿಂದ ಕಾಪುವಿಗೆ ಬಂದಿದ್ದೆ. ನನ್ನ ಗಂಡನಿಗೆ ಉಡುಪಿಯ ಬ್ಯಾಂಕಿನಲ್ಲಿ ಕೆಲಸ. ನಮ್ಮ ಗೋಡೆಯಾಚೆ ಒಂದು ಬ್ಯಾರಿ ಮುಸ್ಲಿಮರ ಮನೆ. ಅಲ್ಲಿನ ಯಜಮಾನರು ಹನ್ನೊಂದು ವರ್ಷಗಳಿಂದ ಗಲ್ಫಿನಲ್ಲಿ ಒಬ್ಬ ಬಿಳಿಯ ಸಾಹೇಬರಿಗೆ ಅಡುಗೆಯವರು. ನಾನು ಅವರನ್ನು ಭಾವ ಎನ್ನುತ್ತಿದ್ದೆ. ಅಕ್ಕನಿಗೂ ನನಗೂ ಮಾತು ತುಳುವಿನಲ್ಲಿ. ಸಿಟ್ಟು ಬಂದರೆ ಅವರು ಬ್ಯಾರಿ ಭಾಷೆಗೆ ಹಾರುತ್ತಿದ್ದರು. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಆ ಓಣಿಯಲ್ಲಿ ಮೊದಲು ಗ್ಯಾಸ್ ಬಂದದ್ದು ನಮ್ಮ ಮನೆಗೆ. ಹಾಗಾಗಿ ಯಾರ ಮನೆಯ ಬರ್ನರಿನ ತೂತು ಕಟ್ಟಿದರೂ ಕರೆ ಬರುವುದು ನನಗೇ. ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನನಗೆ ಇರಲಿಲ್ಲ.

ಆ ವರ್ಷ ಸಾಹೇಬರು ತಮ್ಮ ದೇಶಕ್ಕೆ ಹೊರಟುಹೋದರು, ಭಾವ ಊರಿಗೇ ಬಂದುಬಿಟ್ಟರು. ಬರುವಾಗ ಸಾಹೇಬರು ಕೊಟ್ಟ ಒಂದು ಒಲೆಯನ್ನು ಹೊತ್ತು ತಂದಿದ್ದರು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡದು, ಮಡಚುವ ಕಾಲುಗಳು, ಮೇಲೊಂದು ಮುಚ್ಚಳ. ಒಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಒಂದು ಹಾಸು ಕರೀ ಕಲ್ಲು, ಕಲ್ಲಿನ ಕೆಳಗೆ ಬರ್ನರು. ಓಣಿಯವರೆಲ್ಲ ಬಂದು ನೋಡಿದರು. ಬಂಗಾರ ತರುವುದು ಬಿಟ್ಟು ಗಲ್ಫಿನಿಂದ ಕಲ್ಲು ತಂದಿದ್ದಾರೆ ಎಂದು ಒಬ್ಬರು ನಕ್ಕರು. ಭಾವನೂ ನಕ್ಕರು. ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಎಲ್ಲರಿಗೂ ಇದರಲ್ಲಿ ಮೀನು ಸುಟ್ಟು ಕೊಡುತ್ತೇನೆ ಎಂದರು. ಬಜಗೋಳಿಯಿಂದ ಅಕ್ಕನ ಅಣ್ಣನಿಗೂ ಅಂದು ಬರಹೇಳಿದರು. ಗ್ಯಾಸಿನ ಅಂಡೆ, ಅಂದರೆ ಸಿಲಿಂಡರು, ನಮ್ಮದು. ಅಷ್ಟು ಹೇಳಿ ಭಾವ ಅಜೆಕಾರಿನಲ್ಲಿದ್ದ ತಂಗಿಯ ಮನೆಗೆ ಹೋದರು. ಬರುವುದು ಗುರುವಾರ ಸಂಜೆ.

ಅವರ ಬಸ್ಸು ಹೋದ ಮರುದಿನ ಬೆಳಿಗ್ಗೆಯೇ ಅಕ್ಕ ಗೋಡೆಯ ಮೇಲೆ ತಲೆ ಹಾಕಿದರು.

"ಒಮ್ಮೆ ಬಾ ಮಾರಾಯ್ತಿ. ಆ ಒಲೆಯನ್ನು ಪೂರ್ತಿ ಬಿಚ್ಚಬೇಕು."

ಬಿಚ್ಚಿದೆವು. ಅಡಿಯ ತಟ್ಟೆ, ಜಾಲರಿ, ಬರ್ನರು ಒಂದೊಂದಾಗಿ ಹೊರಗೆ ಬಂದವು. ಮುಚ್ಚಳದ ಒಳಗೆ ಮಾತ್ರ ಡಾಂಬರಿನಂಥ ಕಪ್ಪು. ಉಳಿದ ಕಡೆ ನಾನು ಹೆದರಿದಷ್ಟು ಕೊಳೆ ಇರಲಿಲ್ಲ. ಬಿಸಿನೀರು, ಸೋಡಾಪುಡಿ, ಬೂದಿ, ತೆಂಗಿನ ನಾರು. ಮುಕ್ಕಾಲು ಗಂಟೆಯಲ್ಲಿ ಥಳಥಳ ಆಯಿತು. ನಾನು ಕೈ ತೊಳೆದುಕೊಂಡೆ. ಅಕ್ಕ ಇನ್ನೊಂದು ಕೊಡ ನೀರು ಸೇದಿ ತಂದು, ಮೊದಲಿನಿಂದ ಶುರು ಮಾಡಿದರು. ಅದಾದ ಮೇಲೆ ಇನ್ನೊಮ್ಮೆ. ಆಮೇಲೆ ತೆಂಗಿನ ಬುಡದ ಮಣ್ಣನ್ನು ಬೊಗಸೆಯಲ್ಲಿ ತಂದು ಬಾಲ್ದಿಯ ನೀರಿಗೆ ಹಾಕಿ ಕದಡಿದರು. ತೊಳೆದ ಬರ್ನರನ್ನು ಆ ಕೆಂಪು ನೀರಿನಲ್ಲಿ ಮುಳುಗಿಸುವುದನ್ನು ನೋಡಿ ನನಗೆ ತಲೆಬುಡ ಅರ್ಥವಾಗಲಿಲ್ಲ.

"ಎಂತ ಅಕ್ಕ ಇದು? ತೊಳೆದದ್ದನ್ನು ಮತ್ತೆ ಕೆಸರಿಗೆ ಹಾಕುವುದಾ?"

ಅವರು ಓಣಿಯ ಕಡೆಗೊಮ್ಮೆ ನೋಡಿದರು. ಮತ್ತೆ ಸ್ವರ ತಗ್ಗಿಸಿದರು. "ಆ ಸಾಹೇಬರು ಎಲ್ಲವನ್ನೂ ತಿನ್ನುವವರಲ್ವಾ. ಇದರ ಮೇಲೆ 'ಅದನ್ನು' ಸುಟ್ಟಿದ್ದರೆ?"

ಹಂದಿಮಾಂಸದ ಹೆಸರನ್ನು ಅವರು ಬಾಯಿಯಿಂದ ಆಡುವವರಲ್ಲ. ಅದು ತಾಗಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಹಾಗೆಂದು ಅವರ ಅಜ್ಜಿ ಕಲಿಸಿದ್ದರಂತೆ.

"ಭಾವನನ್ನು ಕೇಳಿದರೆ ಮುಗಿಯಿತಲ್ಲ?"

"ಕೇಳಿದೆ. ಮೀನು, ಕೋಳಿ ಬಿಟ್ಟು ಬೇರೆ ಎಂತದ್ದೂ ಸುಟ್ಟದ್ದಿಲ್ಲ ಅಂದರು. ಅವರ ಮೇಲೆ ನನಗೆ ನಂಬಿಕೆ ಉಂಟು. ಆದರೆ ಇವರು ರಜೆಯಲ್ಲಿ ಊರಿಗೆ ಬಂದಾಗ ಸಾಹೇಬ ಎಂತ ಸುಟ್ಟನೋ, ಇವರಿಗೆ ಗೊತ್ತುಂಟಾ?"

ಇನ್ನೊಮ್ಮೆ ಕೇಳುವ ಹಾಗಿರಲಿಲ್ಲ. ಹನ್ನೊಂದು ವರ್ಷವೂ ಅಕ್ಕನ ಅಣ್ಣ, ಅಲ್ಲಿ ಯಾರ ಎಂಜಲು ಪಾತ್ರೆ ತಿಕ್ಕುತ್ತಾನೋ ನಿನ್ನ ಗಂಡ ಎಂದು ಹಂಗಿಸಿದವರು. ಈಗ ಹೆಂಡತಿಯೂ ಗಂಡನ ಕೈಯ ಅನ್ನದ ಮೇಲೆ ಸಂಶಯಪಟ್ಟಳು ಎಂದಾದರೆ ಭಾವ ಆ ಒಲೆಯನ್ನು ಸಮುದ್ರಕ್ಕೆ ಎಸೆದಾರು, ಒಂದು ಮಾತೂ ಆಡದೆ. ಸಂಶಯ ಇಟ್ಟುಕೊಂಡು ಅವರ ಪಕ್ಕದಲ್ಲಿ ಕೂತು ಉಂಡರೆ ಅಕ್ಕನ ಗಂಟಲಿನಿಂದ ತುತ್ತು ಇಳಿಯದು. ಅದಕ್ಕೇ ಈ ಕಳ್ಳ ಕೆಲಸ.

ಏಳೂ ಮುಗಿಸಿದೆವು. ಉಳಿದದ್ದು ಕಲ್ಲು. ಅವು ತೂತುತೂತಿನ ಹಗುರ ಕಲ್ಲುಗಳು, ಕಾಡಿಗೆಯ ಬಣ್ಣ. "ನೋಡು, ಎಷ್ಟು ಕೊಬ್ಬು ಕುಡಿದಿವೆ! ಇದರ ಹೊಟ್ಟೆಯೊಳಗೆ ನೀರು ಹೋಗುವುದುಂಟಾ?" ಎಂದು ಅಕ್ಕ ಅವನ್ನೆಲ್ಲ ತೆಂಗಿನ ಬುಡದಲ್ಲಿ ಹೂತುಬಿಟ್ಟರು. ಬದಲಿಗೆ, ಬಿದ್ದ ಹಿತ್ತಿಲ ಗೋಡೆಯ ಮುರಕಲ್ಲನ್ನು ಒಡೆದು, ಚೆಂದದ ಚೂರುಗಳನ್ನು ಆರಿಸಿ ಬಿಸಿಲಿಗೆ ಹರಡಿದರು. ನಮ್ಮ ಕರಾವಳಿಯ ಕೆಂಪು ಕಲ್ಲು. ಅದರಲ್ಲೂ ತೂತುಂಟು, ಅದೂ ಕಲ್ಲೇ ಎಂದು ನಾನೂ ತಲೆಯಾಡಿಸಿದೆ.

ಮರುದಿನ ನೋಡಿದರೆ ಜಾಲರಿಯ ಮೇಲೆಲ್ಲ ತುಕ್ಕು! ಜಿಡ್ಡನ್ನು ಪೂರ್ತಿ ತೆಗೆದ ಕಬ್ಬಿಣವನ್ನು ಕಾಪುವಿನ ಉಪ್ಪುಗಾಳಿ ಒಂದು ದಿನವೂ ಬಿಡುವುದಿಲ್ಲ. ಮತ್ತೆ ತಿಕ್ಕಿ, ಒಣಗಿಸಿ, ತೆಂಗಿನೆಣ್ಣೆ ಸವರಿದೆವು. ನಮ್ಮ ಅಂಡೆಯ ರಬ್ಬರ್ ಕೊಳವೆಯನ್ನು ಒಲೆಯ ಮೂತಿಗೆ ಸಿಕ್ಕಿಸಿ, ಸಂದಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಬರುತ್ತದೋ ನೋಡಿದೆ. ಬರಲಿಲ್ಲ. ಕಡ್ಡಿ ಗೀರಿದೆ. ಉರಿ ಒಂದೇ ಬದಿಗೆ ಹಳದಿಯಾಗಿ ಎದ್ದು ಮಸಿ ಕಾರಿತು. ಇನ್ನೊಂದು ಬದಿಯ ತೂತುಗಳಲ್ಲೆಲ್ಲ ಅಕ್ಕನ ಮಣ್ಣು! ಸೀಮೆಎಣ್ಣೆ ಸ್ಟವ್ವಿನ ಪಿನ್ನಿನಿಂದ ಒಂದೊಂದನ್ನೇ ಚುಚ್ಚಿ ಬಿಡಿಸಿದೆ. ಒಳಗಿನ ಕೊಳವೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದೆವು; ಮಣ್ಣು ಹಾರಿ ಅಕ್ಕನ ಮುಖಕ್ಕೇ ಬಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಂಜೆಗೆ ಉರಿ ನೀಲಿಯಾಯಿತು.

ಶುಕ್ರವಾರ ಹಿತ್ತಿಲಿನಲ್ಲಿ ಒಲೆ ಇಟ್ಟರು. ಅಂಡೆಯ ಕಾವಲಿಗೆ ನಾನು, ನನ್ನ ಪಕ್ಕ ಅಕ್ಕ. ಭಾವ ಮುಚ್ಚಳ ಎತ್ತಿದರು. ಜಾಲರಿಯ ಕೆಳಗಿನ ಕೆಂಪು ಚೂರುಗಳನ್ನು ನೋಡಿದರು... ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಮತ್ತೆ ಬಗ್ಗಿ ಉರಿ ಹಚ್ಚಿದರು. ಬಂಗುಡೆಗೆ ಹಚ್ಚಿದ ಖಾರ ಸುಡುವ ಪರಿಮಳಕ್ಕೆ ಓಣಿಯ ಬೆಕ್ಕುಗಳೆಲ್ಲ ಬಂದು ಗೋಡೆಯ ಮೇಲೆ ಸಾಲಾಗಿ ಕೂತವು.

ಮೊದಲ ಮೀನು ತಟ್ಟೆಗೆ ಬಿದ್ದಾಗ ಬಜಗೋಳಿಯ ಅಣ್ಣ ಅದನ್ನು ಮುಟ್ಟಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಭಾವಾ, ಇದರಲ್ಲಿ ನಿಮ್ಮ ಸಾಹೇಬ ಎಂತೆಲ್ಲ ಸುಟ್ಟಿದ್ದಾನೋ?" ಎಂದರು.

ಅಕ್ಕ ನನ್ನ ಕೈ ಹಿಡಿದುಕೊಂಡರು.

ಭಾವ ಮೀನು ತಿರುವುತ್ತಲೇ ಹೇಳಿದರು. "ನನಗೂ ಗೊತ್ತಿಲ್ಲ ಮಾರಾಯ. ನನ್ನ ಕೈಯಿಂದ ಸುಟ್ಟದ್ದು ಮೀನು, ಕೋಳಿ. ನಾನು ರಜೆಯಲ್ಲಿ ಊರಿಗೆ ಬಂದಿದ್ದಾಗ ಸುಟ್ಟದ್ದು ಯಾರಿಗೆ ಗೊತ್ತು? ಅದಕ್ಕೇ ಪೆಟ್ಟಿಗೆಗೆ ಹಾಕುವ ಮೊದಲು ಅಲ್ಲಿಯೇ ಏಳು ಸಲ ತೊಳೆದೆ, ಒಂದು ಸಲ ಮಣ್ಣು ಹಾಕಿ. ಕಲ್ಲು ತೊಳೆದರೆ ಹೋಗುವಂಥದ್ದಲ್ಲ. ಅಂಗಡಿಯಿಂದ ಹೊಸತೇ ತಂದು ಹಾಕಿದೆ. ಅದರ ಬಣ್ಣವೇ ಕಪ್ಪು."

ಅಷ್ಟು ಹೇಳುವಾಗ ಅವರ ಕಣ್ಣು ಕೆಂಪು ಕಲ್ಲುಗಳ ಮೇಲಿತ್ತು. ಅಕ್ಕನ ಕಡೆಗೆ ತಿರುಗಲಿಲ್ಲ. ಅಣ್ಣ "ಹಾಗಾದರೆ ಸರಿ" ಎಂದು ತಟ್ಟೆ ಎಳೆದುಕೊಂಡು ನಾಲ್ಕು ಬಂಗುಡೆ ತಿಂದರು. ಅಕ್ಕನೂ ತಿಂದರು, ತಲೆ ಎತ್ತದೆ. ನನಗೆ ಮಾತ್ರ ಮೀನಿನ ರುಚಿ ನೆನಪಿಲ್ಲ. ಒಂದೇ ಸಂಶಯವನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟರಲ್ಲ, ಇದು ಪ್ರೀತಿಯೋ ಅಪನಂಬಿಕೆಯೋ... ನನಗೆ ಬಗೆಹರಿಯಲಿಲ್ಲ.

ಮರುದಿನ ಅಕ್ಕ ಗೋಡೆಯ ಹತ್ತಿರ ಬಂದರು. ಕಣ್ಣು ಊದಿತ್ತು. "ಹೇಳಿಬಿಡುವುದಾ ಅವರಿಗೆ? ನಾನೂ ತೊಳೆದೆ, ಕಲ್ಲು ಹೂತದ್ದು ನಾನೇ ಅಂತ?"

ನನಗಾಗ ಇಪ್ಪತ್ತನಾಲ್ಕು ವರ್ಷ. ಗೊತ್ತಿಲ್ಲ ಎನ್ನಬಹುದಿತ್ತು. "ಬೇಡ ಅಕ್ಕ, ಅವರೇ ಕೇಳಲಿಲ್ಲವಲ್ಲ" ಎಂದುಬಿಟ್ಟೆ. ಅಕ್ಕ ಹೇಳಲಿಲ್ಲ.

ಆಮೇಲೆ ಎಷ್ಟೋ ಶುಕ್ರವಾರ ಆ ಒಲೆ ಉರಿಯಿತು. ಶನಿವಾರ ಬೆಳಿಗ್ಗೆ ಭಾವನೇ ಅದನ್ನು ಬಿಚ್ಚಿ, ಜಾಲರಿ ಕೆರೆದು, ಎಣ್ಣೆ ಸವರಿ ಇಡುತ್ತಿದ್ದರು. ಬೆಂಕಿಗೆ ಮುರಕಲ್ಲು ಬೇಗ ಪುಡಿಯಾಗುತ್ತದೆ. ಪುಡಿಯಾದಾಗ ಅವರು ಸುತ್ತಿಗೆ ಹಿಡಿದು ಅದೇ ಹಿತ್ತಿಲ ಗೋಡೆಗೆ ಹೋಗಿ ಕೆಂಪು ಕಲ್ಲನ್ನೇ ಒಡೆದು ತಂದು ಹಾಸುತ್ತಿದ್ದರು. ಕರೀ ಕಲ್ಲು ಎಲ್ಲಿ ಹೋಯಿತೆಂದು ಕೇಳಲೇ ಇಲ್ಲ. ಅಡುಗೆಕೋಣೆಯ ಕಿಟಕಿಯಿಂದ ಅಕ್ಕ ಅದನ್ನು ನೋಡುತ್ತಿದ್ದರು. ಅವರು ನೋಡುವುದನ್ನು ಗೋಡೆಯ ಈಚೆಯಿಂದ ನಾನು.

ನಾಲ್ಕೈದು ವರ್ಷಗಳಲ್ಲಿ ಭಾವ ಎದೆನೋವಿನಿಂದ ತೀರಿಹೋದರು. ಅಕ್ಕ ಮನೆ ಬಿಟ್ಟು ನಂದಿಕೂರಿನ ಮಗಳ ಮನೆಗೆ ಹೋದರು. ನಾನು ಒಂದೇ ಸಲ ಅಲ್ಲಿಗೆ ಹೋಗಿದ್ದೆ. ಚಹಾ ಕೊಟ್ಟು, ಮೊಮ್ಮಕ್ಕಳ ಸುದ್ದಿಯೆಲ್ಲ ಮುಗಿದ ಮೇಲೆ ಅವರಾಗಿಯೇ ಹೇಳಿದರು. "ಒಂದು ದಿನವೂ ಕೇಳಲಿಲ್ಲ ಮಾರಾಯ್ತಿ. ಕೇಳಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು." ನೀನು ಬೇಡ ಎಂದೆಯಲ್ಲ ಎಂದು ಅವರು ಅನ್ನಲಿಲ್ಲ. ನಾನು ಅದಕ್ಕಾಗಿ ಕಾದು ಕೂತಿದ್ದೆ.

ಅಕ್ಕ ತೀರಿಹೋದ ಸುದ್ದಿ ನನಗೆ ತಿಂಗಳ ಮೇಲೆ ತಲುಪಿತು...

ಅಳಿಯ ಬರ್ನರನ್ನು ಬಿಸಿಲಿಗಿಟ್ಟು ಒಳಗೆ ಹೋದ. ನಾನು ಅಲ್ಲಿಯೇ ನಿಂತಿದ್ದೆ. ಅಂದು ನಾನು ಅಕ್ಕನಿಗೆ ಹೇಳಿಬಿಡಿ ಎಂದಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತು? ಬಹುಶಃ ಇಬ್ಬರೂ ನಗುತ್ತಿದ್ದರು. ಬಹುಶಃ ಭಾವ ಅಂದಿನಿಂದ ಒಲೆ ಹಚ್ಚುತ್ತಲೇ ಇರಲಿಲ್ಲ. ಗೊತ್ತಿಲ್ಲ. ಆ ಒಂದು ಮಾತು ಹೇಳಲು ನಾನು ಕಲಿತದ್ದು ತೀರಾ ತಡವಾಗಿ.