ಡೈರಿ ಅಪ್ಪಯ್ಯಣ್ಣನ ಮೊಮ್ಮಗಳ ಮೊದಲ ತುತ್ತು

ನಮ್ಮಪ್ಪ ಅಪ್ಪಯ್ಯಣ್ಣ, ನಂದಗುಡಿ ಹೋಬಳಿಯ ನಮ್ಮೂರ ಹಾಲಿನ ಡೈರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದವನು. ಅಷ್ಟೂ ವರ್ಷ ಅವನ ಕೈಯಲ್ಲಿದ್ದದ್ದು ಒಂದೇ ಆಯುಧ, ಲ್ಯಾಕ್ಟೋಮೀಟರ್. ಆ ಗಾಜಿನ ಕಡ್ಡಿ ಹಾಲಿನಲ್ಲಿ ಎಷ್ಟು ಮುಳುಗುತ್ತದೆ ಎಂದು ನೋಡಿ, ಯಾರ ಮನೆಯವರು ಎಷ್ಟು ನೀರು ಬೆರೆಸಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಕಡ್ಡಿ ಹೇಳಿದ ಮೇಲೆ ದೇವರೇ ಬಂದು ಸಾಕ್ಷಿ ನುಡಿದರೂ ಆ ಹಾಲು ಕ್ಯಾನಿಗೆ ಬೀಳುತ್ತಿರಲಿಲ್ಲ. ಒಂದು ಸಲ ನಮ್ಮ ಮನೆಯ ಹಾಲನ್ನೇ ವಾಪಸ್ ಕಳಿಸಿದ. ಪಾತ್ರೆ ತೊಳೆದ ನೀರು ತಳದಲ್ಲಿ ಉಳಿದಿತ್ತು ಎಂದು ನಮ್ಮಮ್ಮ ಮುನಿಗಂಗಮ್ಮ ಇವತ್ತಿಗೂ ಹೇಳುತ್ತಾಳೆ. ತೊಳೆದ ನೀರು ಅರ್ಧ ಲೀಟರು ಹೇಗೆ ಉಳಿಯುತ್ತದೆ ಎಂದು ಅಪ್ಪ ಇವತ್ತಿಗೂ ಕೇಳುತ್ತಾನೆ. ಅವರ ಸಂಸಾರದಲ್ಲಿ ಇತ್ಯರ್ಥವಾಗದೆ ಉಳಿದಿರುವ ವ್ಯಾಜ್ಯ ಅದೊಂದೇ.

ಇಂಥ ಮನುಷ್ಯನ ಮನೆಯಲ್ಲಿ, ಅವನ ಮೂಗಿನ ಕೆಳಗೇ, ಎರಡು ತಿಂಗಳು ಕಳ್ಳ ವ್ಯವಹಾರ ನಡೆಯಿತು. ಅದರಲ್ಲಿ ನನ್ನ ಪಾಲೂ ಇದೆ. ನಾನು ಅವನ ಮಗಳು ಶಿಲ್ಪ, ಹೊಸಕೋಟೆಯ ಒಂದು ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವುದೇ ನನ್ನ ಕಸುಬು.

ನಮ್ಮಣ್ಣ ಕೆಂಪರಾಜ್ ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಅವನ ಹೆಂಡತಿ, ನಮ್ಮತ್ತಿಗೆ ಅರ್ಪಿತಳಿಗೆ ಎರಡು ಸಲ ಬಸಿರು ನಿಂತೂ ಇಳಿದುಹೋಯಿತು. ಮೂರನೆಯ ಸಲ ಡಾಕ್ಟರು ಏಳಬೇಡಿ, ಕೂರಬೇಡಿ ಎಂದು ಮಲಗಿಸಿದಾಗ ಅಪ್ಪ ಯಾರಿಗೂ ಹೇಳದೆ ಬಸ್ ಹತ್ತಿ ಶಿವಗಂಗೆಗೆ ಹೋದ. ನಮ್ಮ ಮನೆದೇವರು ಅಲ್ಲಿಯ ಗಂಗಾಧರೇಶ್ವರ. ಅಲ್ಲಿ ಲಿಂಗಕ್ಕೆ ತಿಕ್ಕಿದ ತುಪ್ಪ ಬೆಣ್ಣೆಯಾಗುತ್ತದೆ ಎನ್ನುತ್ತಾರೆ. ಊರಿನ ಯಾರ ಹಾಲನ್ನೂ ಪರೀಕ್ಷೆ ಮಾಡದೆ ನಂಬದ ನಮ್ಮಪ್ಪ ಇದೊಂದನ್ನು ಕಡ್ಡಿ ಅದ್ದದೆಯೇ ನಂಬಿದ್ದಾನೆ. ಆ ದೇವರ ಮುಂದೆ ನಿಂತು, ‘ಕೂಸು ನೆಟ್ಟಗೆ ಕೈಗೆ ಬರಲಿ, ಅದರ ಮೊದಲ ತುತ್ತು ನಿನ್ನ ಸನ್ನಿಧಿಯಲ್ಲೇ ಉಣ್ಣಿಸುತ್ತೇನೆ, ಅಲ್ಲಿಯವರೆಗೆ ತಾಯಿಹಾಲು ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ’ ಎಂದು ಹರಕೆ ಹೊತ್ತು ಬಂದ.

ಕೂಸು ಕೈಗೆ ಬಂತು. ಡಿಸೆಂಬರಿನಲ್ಲಿ ಹುಟ್ಟಿದ ಹೆಣ್ಣುಮಗು, ಗುಂಡುಗುಂಡಗೆ, ಎರಡು ಮನೆ ಆಚೆಗೆ ಕೇಳುವ ಗಂಟಲು. ಅಪ್ಪ ಅದನ್ನು ಎತ್ತಿಕೊಂಡಾಗಲೆಲ್ಲ ಒಂದು ಸಲ ಆಕಾಶ ನೋಡುತ್ತಿದ್ದ. ಹರಕೆ ತಪ್ಪಿದರೆ ಕೊಟ್ಟವನು ವಾಪಸ್ ಕೇಳಿಯಾನು ಎಂಬ ಭಯ ಅವನಿಗೆ.

ಜೂನಿನಲ್ಲಿ ಆರು ತಿಂಗಳು ತುಂಬಿತು. ಸೋಮವಾರ ಶಿವಗಂಗೆಗೆ ಹೊರಡುವುದೆಂದು ನಿಶ್ಚಯವಾಯಿತು. ಭಾನುವಾರ ದಾಯಾದಿಯ ಪೈಕಿ ತೊಂಬತ್ತು ದಾಟಿದ ಪಾಪಮ್ಮಜ್ಜಿ ತೀರಿಕೊಂಡಳು. ಇಷ್ಟು ವರ್ಷ ಕಾದವಳು ಇನ್ನೊಂದು ದಿನ ಕಾಯಬಾರದಿತ್ತೇ? ಸೂತಕ. ಸೂತಕ ಕಳೆಯುವಷ್ಟರಲ್ಲಿ ಆಷಾಢ ಬಂತು, ಆಷಾಢದಲ್ಲಿ ಶುಭಕಾರ್ಯವಿಲ್ಲ. ಶ್ರಾವಣದ ಮೊದಲ ಸೋಮವಾರ ಹೋಗೋಣವೆಂದರೆ ಅಪ್ಪನಿಗೇ ಜ್ವರ ಬಂದು ಕೀಲುಕೀಲು ಹಿಡಿದುಕೊಂಡಿತು. ಹರಕೆ ಹೊತ್ತವನು ಅವನು, ಹಸಿವು ಹೊತ್ತದ್ದು ಕೂಸು.

ಜೂನಿನಲ್ಲಿ ಸೂತಕ ಕಳೆದ ಕೂಡಲೇ ಅಂಗನವಾಡಿಯ ಗಂಗಲಕ್ಷ್ಮಮ್ಮ ಮನೆಗೇ ಬಂದು ಬೈದಿದ್ದಳು.

‘ಅಪ್ಪಯ್ಯಣ್ಣಾರೇ, ಆರು ತಿಂಗ್ಳು ತುಂಬಿದ್ಮೇಲೆ ಬರೀ ಎದೆಹಾಲು ಸಾಲಕಿಲ್ಲ. ಮೆತ್ತಗೆ ಏನಾದ್ರೂ ಶುರು ಮಾಡ್ಬೇಕು. ತಿಳ್ದೋರು ನೀವೇ ಹಿಂಗ್ ಮಾಡಿದ್ರೆ?’

‘ಹರಕೆ ಕಣಮ್ಮ.’

‘ದೇವ್ರೇನು ಮಗೂನ ಉಪವಾಸ ಕೆಡವು ಅಂದವ್ನಾ?’

‘ನಾನು ಅಂದಿದೀನಲ್ಲ,’ ಎಂದ ಅಪ್ಪ. ಮಾತು ಅಲ್ಲಿಗೆ ಮುಗಿಯಿತು. ಮುಗಿಯಿತು ಎಂದು ಅಪ್ಪ ತಿಳಿದುಕೊಂಡ.

ಮಗು ಮಾತ್ರ ನಾವು ಉಣ್ಣುವಾಗ ಒಬ್ಬೊಬ್ಬರ ಕೈಯನ್ನೂ ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ನೋಡುತ್ತಿತ್ತು. ನಾವು ಜಗಿದರೆ ಅದೂ ಬಾಯಾಡಿಸುತ್ತಿತ್ತು. ಜೂನ್ ಮುಗಿಯುವುದರೊಳಗೆ ಒಂದು ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ತಡೆಯಲಾಗದೆ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಏಲಕ್ಕಿ ಬಾಳೆಹಣ್ಣನ್ನು ನುಣ್ಣಗೆ ಕಿವುಚಿ ಬೆರಳ ತುದಿಯಲ್ಲಿ ಕೊಟ್ಟೆ. ಮೊದಲು ಮುಖ ಕಿವುಚಿತು. ಆಮೇಲೆ ನನ್ನ ಬೆರಳನ್ನೇ ಬಿಡಲಿಲ್ಲ. ನನಗೆ ಅಳು ಬಂತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ, ನಾನೂ ಕಣ್ಣು ಮುಚ್ಚಿಕೊಂಡೆ. ಅಂದಿನಿಂದ ದಿನಾ ಶಾಲೆಯ ಬ್ಯಾಗಿನಲ್ಲಿ ಒಂದು ಬಾಳೆಹಣ್ಣು ಬರತೊಡಗಿತು.

ಇಡೀ ಮನೆಗೆ ಮೋಸ ಮಾಡುತ್ತಿರುವವಳು ನಾನೊಬ್ಬಳೇ ಎಂದು ನನಗೆ ಒಳಗೊಳಗೇ ಸಂಕಟ. ಆ ಸಂಕಟದಲ್ಲಿ ಬೇರೆ ಏನೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಮ್ಮ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿಸಿ, ತೆಳು ಪಂಚೆಯಲ್ಲಿ ಜಾಲಿಸಿಟ್ಟಳು. ಮಂಡಿನೋವಿಗೆ ಗಂಜಿ ಕಾಯಿಸಿಕೊಳ್ಳೋಕೆ ಎಂದಳು, ನಂಬಿದೆ. ಮಂಡಿನೋವಿನ ಹಿಟ್ಟನ್ನು ಯಾರಾದರೂ ಪಂಚೆಯಲ್ಲಿ ಜಾಲಿಸುತ್ತಾರೆಯೇ ಎಂದು ಕೇಳಲಿಲ್ಲ. ಅತ್ತಿಗೆ ಸಾರಿಗೆ ಬೇಳೆ ಬೇಯಿಸಿದಾಗಲೆಲ್ಲ ಕಟ್ಟನ್ನು ಒಂದು ಲೋಟಕ್ಕೆ ಬಸಿದು ತನ್ನ ಕೋಣೆಗೆ ಒಯ್ಯುತ್ತಿದ್ದಳು. ಬಾಣಂತಿ, ಕುಡಿಯಲಿ ಎಂದುಕೊಂಡೆ. ಅಣ್ಣ ಬೆಳಗಿನ ಟ್ರಿಪ್ ಮುಗಿಸಿ ಬರುವಾಗ ಹೋಟೆಲಿನಿಂದ ಚಟ್ನಿ ಇಲ್ಲದ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದ. ಚಟ್ನಿಗೆ ತೆಂಗಿನಕಾಯಿ ಕಾಣಿಸದಿದ್ದರೆ ಜಗಳ ತೆಗೆಯುವ ಗಿರಾಕಿ ಅವನು. ಅದೂ ನನಗೆ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ತೂಕ ಹಾಕಿದ ಗಂಗಲಕ್ಷ್ಮಮ್ಮ ಮಗುವಿನ ತೂಕ ಬರೆಯುವ ತಾಯಿ ಕಾರ್ಡಿನಲ್ಲಿ ಗೆರೆ ಎಳೆದು ಕಾರ್ಡನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದಳು.

‘ಎರಡು ತಿಂಗ್ಳಲ್ಲಿ ಒಂದೂಕಾಲು ಕೇಜಿ ಏರೈತೆ ಶಿಲ್ಪಾ. ಬರೀ ಎದೆಹಾಲಲ್ಲಾ?’

‘ಹೂಂ ಅಕ್ಕ, ಬರೀ ಎದೆಹಾಲು.’

‘ಆಗ್ಲಿ ಬಿಡು. ನಿಮ್ಮತ್ತಿಗೆಗೆ ಡೈರಿಯಿಂದ ಬೋನಸ್ ಕೊಡ್ಸು,’ ಎಂದು ಕಾರ್ಡನ್ನು ಕೈಗಿಟ್ಟಳು. ಅಪ್ಪ ಮನೆಯಲ್ಲಿ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದ. ಡೈರಿಯಲ್ಲಿ ಹಾಲಿನ ಲೆಕ್ಕದ ಪುಸ್ತಕ ನೋಡುತ್ತಿದ್ದವನು ಅವನೇ ತಾನೆ. ಆಮೇಲೆ ಮಡಚಿ ಗೂಡಿನಲ್ಲಿಟ್ಟ.

ಶ್ರಾವಣದ ಮೂರನೆಯ ಸೋಮವಾರ ಕೊನೆಗೂ ಅಣ್ಣನ ಕಾರಿನಲ್ಲಿ ಹೊರಟೆವು. ಮಗುವಿಗೆ ಎಂಟು ತಿಂಗಳು. ನೆಲಮಂಗಲ ದಾಟಿದೆವು. ಎಲ್ಲರೂ ತಂತಮ್ಮ ಬ್ಯಾಗನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಮೆಟ್ಟಿಲು ಹತ್ತಿ ಸನ್ನಿಧಿಯಲ್ಲಿ ಕೂತೆವು. ಬೆಳ್ಳಿ ಬಟ್ಟಲಲ್ಲಿ ಸಿಹಿ ಪೊಂಗಲ್ ಬಂತು. ಅರ್ಚಕರು ಅಕ್ಷತೆ ಹಿಡಿದುಕೊಂಡು ಕೇಳಿದರು, ‘ಮೊದಲ ತುತ್ತು ಅಂತ ಸಂಕಲ್ಪ ಹೇಳ್ಲಾ ಯಜಮಾನ್ರೇ? ಮಗು ಇನ್ನೂ ಏನೂ ಮುಟ್ಟಿಲ್ಲ ತಾನೆ?’

ಹೂಂ ಎಂದರೆ ದೇವರ ಮುಂದೆ ಸುಳ್ಳು. ಮುಟ್ಟಿದೆ ಎಂದರೆ ಅಪ್ಪನ ಹರಕೆ ಬೀದಿಪಾಲು. ನಾನು ತಲೆ ತಗ್ಗಿಸಿ ನೆಲದ ಕಲ್ಲು ನೋಡುತ್ತಾ ಕೂತೆ. ಅಮ್ಮ ನಂದಾದೀಪ ನೋಡುತ್ತಿದ್ದಳು, ಅತ್ತಿಗೆ ಬಳೆ ನೋಡುತ್ತಿದ್ದಳು, ಅಣ್ಣ ಮೊಬೈಲ್ ಇಲ್ಲದ ಕೈಯನ್ನು ನೋಡುತ್ತಿದ್ದ.

‘ಮುಟ್ಟೈತೆ ಸ್ವಾಮಿ,’ ಎಂದ ಅಪ್ಪ.

ನಾವೆಲ್ಲ ಒಟ್ಟಿಗೇ ತಲೆಯೆತ್ತಿದೆವು.

‘ನಾನೇ ತಿನ್ನಿಸ್ದೆ. ಮಧ್ಯಾಹ್ನ ಉಣ್ಣೋವಾಗ ತೊಡೆ ಮೇಲೆ ಕೂತ್ಕೊಂಡು ನನ್ ತಟ್ಟೇನೇ ನೋಡ್ತಿತ್ತು. ಎರಡು ದಿನ ತಟ್ಟೆ ಆಚೆಗೆ ತಿರುಗ್ಸಿ ಉಂಡೆ. ಮೂರ್ನೇ ದಿನ ಆಗ್ಲಿಲ್ಲ. ಬಟಾಣಿ ಕಾಳಷ್ಟು ಮುದ್ದೆ, ತುಪ್ಪದಲ್ಲಿ ಮಿದ್ದು, ಕೊಟ್ಟೆ. ಆಮೇಲೆ ದಿನಾ ಕೊಟ್ಟೆ.’ ಅಪ್ಪ ಕೈ ಮುಗಿದ. ‘ತಪ್ಪು ನಂದು. ಏನಿದ್ರೂ ನನ್ ಮೇಲಿರ್ಲಿ, ಮಗೂಗೆ ಬೇಡ.’

ಅಪ್ಪನ ಕಣ್ಣಲ್ಲಿ ನಾನು ನೀರು ಕಂಡಿದ್ದು ಅದೇ ಮೊದಲು. ನಾನೂ ತಿನ್ನಿಸಿದ್ದೇನೆ ಎಂದು ಹೇಳಿಬಿಡಬೇಕು ಅನ್ನಿಸಿತು. ಬಾಯಿ ಬರಲಿಲ್ಲ. ಅಮ್ಮನಿಗೆ ಬಾಯಿ ಬಂತು, ಆದರೆ ಬಂದ ಮಾತು ಬೇರೆ.

‘ಏನ್ ಮನುಷ್ಯ ಕಣ್ರೀ ನೀವು! ಹೊತ್ತ ಹರಕೇನ ನೀವೇ ಮುರೀತೀರಾ? ಮನೇಲಿ ನಾವೆಲ್ಲ ಹೊಟ್ಟೆ ಉರ್ಕೊಂಡು ಸುಮ್ನಿರ್ಲಿಲ್ವಾ?’

‘ಅಪ್ಪ, ನೀನು ಹಿಂಗ್ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ,’ ಎಂದ ಅಣ್ಣ, ಇಡ್ಲಿ ಕೆಂಪರಾಜ.

ಅರ್ಚಕರು ನಕ್ಕರು. ‘ಹಸಿದ ಕೂಸಿಗೆ ಕೊಟ್ಟಿದ್ದು ತಪ್ಪಲ್ಲಪ್ಪಾ. ಮನಸ್ಸು ಅಳುಕ್ತಿದ್ರೆ ಹುಂಡಿಗೆ ತಪ್ಪುಕಾಣಿಕೆ ಹಾಕಿ, ಸಮಾಧಾನ ಆಗುತ್ತೆ.’ ಅಪ್ಪ ಎದ್ದು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ಹುಂಡಿಗೆ ಕಾಣಿಕೆ ಹಾಕಿ ಅಡ್ಡಬಿದ್ದ. ಆಮೇಲೆ ಮಗುವಿನ ಬಾಯಿಗೆ ಪೊಂಗಲ್ ಹಿಡಿದರೆ, ಬೆರಳು ಇನ್ನೂ ಗೇಣು ದೂರದಲ್ಲಿರುವಾಗಲೇ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ನುಂಗಿ, ತುಟಿ ಚಪ್ಪರಿಸಿ, ಮತ್ತೆ ತೆರೆಯಿತು.

‘ಚೆನ್ನಾಗಿ ಪಳಗಿದೆ,’ ಎಂದರು ಅರ್ಚಕರು.

ಮೆಟ್ಟಿಲಿಳಿಯುವಾಗ ಅಮ್ಮನಿಗೆ ಕುಂಕುಮದ ಪೊಟ್ಟಣ ಮರೆತದ್ದು ನೆನಪಾಯಿತು. ಅತ್ತೆಗೆ ಮಂಡಿನೋವು, ಜೊತೆಗಿರುತ್ತೇನೆ ಎಂದು ಅತ್ತಿಗೆ ಮಗುವನ್ನು ಅಪ್ಪನ ಕೈಗೆ ಕೊಟ್ಟು ಹೊರಟಳು. ಸ್ವಲ್ಪ ಹೊತ್ತಿಗೆ ಅಣ್ಣನಿಗೆ ಮೊಬೈಲ್ ಮೇಲೆಯೇ ಬಿಟ್ಟಂತಾಯಿತು. ನಾನು ಅವರೆಲ್ಲ ಬರುವ ಮುಂಚೆ ಇನ್ನೊಂದು ಬದಿಯಿಂದ ಹೋಗಿ ನನ್ನ ಪಾಲಿನ ತಪ್ಪುಕಾಣಿಕೆ ಹಾಕಿ ಬಂದುಬಿಡೋಣವೆಂದು, ‘ಅಪ್ಪ, ನೀರಿನ ಬಾಟ್ಲಿ’ ಎಂದು ಓಡಿದೆ.

ಹುಂಡಿಯ ಮುಂದೆ ಸಾಲು ನಿಂತಿತ್ತು. ಅಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದಳು, ಹಿಂದೆ ಅತ್ತಿಗೆ, ಅವಳ ಹಿಂದೆ ಅಣ್ಣ. ಒಬ್ಬರನ್ನೊಬ್ಬರು ನೋಡಿಕೊಂಡೆವು.

‘ನೀನೇನು ತಿನ್ನಿಸ್ದೆ?’ ಎಂದು ಅಮ್ಮ ಪಿಸುದನಿಯಲ್ಲಿ ನನ್ನನ್ನು ಕೇಳಿದಳು.

‘ಬಾಳೆಹಣ್ಣು. ನೀನು?’

‘ರಾಗಿ ಸರಿ, ಅದೇ ಮಂಡಿನೋವಿನ ಹಿಟ್ಟು.’

‘ನಾನು ಬೇಳೆಕಟ್ಟು ಅತ್ತೆ, ಬರೀ ಎರಡೇ ಚಮಚ,’ ಎಂದಳು ಅತ್ತಿಗೆ. ಅಣ್ಣನನ್ನು ಯಾರೂ ಕೇಳಲಿಲ್ಲ. ಅವನ ಕಾರಿನಲ್ಲಿ ಇಡ್ಲಿಯ ವಾಸನೆ ನಮಗೆಲ್ಲ ಬಂದಿತ್ತು.

ಕೆಳಗೆ ಬಂದರೆ ಅಪ್ಪ ಕಾರಿನ ಪಕ್ಕ ಮರದ ನೆರಳಲ್ಲಿ ಕೂತಿದ್ದ. ಮಗು ಅವನ ಬೆರಳು ಚೀಪುತ್ತಾ ರಾಗ ತೆಗೆದಿತ್ತು.

‘ಕುಂಕುಮ ಸಿಕ್ತಾ?’ ಎಂದು ಅಮ್ಮನನ್ನು ಕೇಳಿದ. ‘ಮೊಬೈಲು? ಬಾಟ್ಲಿ?’ ಬಾಟಲಿ ನನ್ನ ಬ್ಯಾಗಿನ ಹೊರಜೇಬಿನಿಂದ ತಲೆ ಹಾಕಿತ್ತು.

ಅಮ್ಮ ಸೆರಗಿನ ಗಂಟನ್ನು ಮತ್ತೆ ಕಟ್ಟತೊಡಗಿದಳು.

‘ಎರಡು ತಿಂಗ್ಳಿಗೆ ಒಂದೂಕಾಲು ಕೇಜಿ,’ ಎಂದ ಅಪ್ಪ. ‘ನಾನು ಕೊಟ್ಟಿದ್ದು ದಿನಕ್ಕೊಂದು ಬಟಾಣಿ ಕಾಳು. ಕಾರ್ಡು ನೋಡಿದ್ ದಿನಾನೇ ಗೊತ್ತಾಯ್ತು, ಈ ಮನೇಲಿ ನನ್ನ ಬಿಟ್ಟು ಬೇರೆಯೋರೂ ಬೆರೆಸ್ತಾವ್ರೆ ಅಂತ.’

‘ಗೊತ್ತಿದ್ದೂ ಅಲ್ಲಿ ಯಾಕಪ್ಪ ನಾನೊಬ್ನೇ ಅಂದೆ?’ ಎಂದೆ.

‘ಹರಕೆ ಹೊತ್ತೋನು ನಾನು. ನಿಮ್ಮನ್ನ ಕೇಳಿ ಹೊತ್ತಿದ್ನಾ?’

ಅಷ್ಟು ಹೊತ್ತೂ ನಾವು ನಾಲ್ಕು ಜನ ಅವನಿಗೆ ಹೆದರಿದ್ದೆವು. ಅವನು ನಮ್ಮ ನಾಲ್ಕೂ ಜನರ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು, ಮೇಲೆ ನಮ್ಮಿಂದಲೇ ಬೈಸಿಕೊಂಡು ಬಂದಿದ್ದ.

‘ಸಾಕು, ಯಾರ್ಯಾರ ಡಬ್ಬೀಲಿ ಏನೈತೆ ತೆಗೀರಿ. ಮಗು ಹಸ್ಕೊಂಡೈತೆ.’

ನಾಲ್ಕು ಬ್ಯಾಗು ಬಾಯಿ ತೆರೆದವು. ಕಾರಿನ ಬಾನೆಟ್ಟಿನ ಮೇಲೆ ಬಾಳೆಹಣ್ಣು, ಬೇಳೆಕಟ್ಟಿನ ಫ್ಲಾಸ್ಕು, ಪೇಪರಿನಲ್ಲಿ ಸುತ್ತಿದ ಇಡ್ಲಿ, ಅಮ್ಮನ ರಾಗಿ ಸರಿಯ ಸ್ಟೀಲ್ ಡಬ್ಬಿ ಸಾಲಾಗಿ ಕೂತವು. ಅಪ್ಪ ಒಂದೊಂದನ್ನೂ ಹಳೆಯ ಅಭ್ಯಾಸದಂತೆ ಕಣ್ಣು ಕಿರಿದು ಮಾಡಿ ನೋಡಿದ. ಕೊನೆಗೆ ಸ್ಟೀಲ್ ಡಬ್ಬಿ ಬಿಚ್ಚಿ, ಬೆರಳದ್ದಿ, ನಾಲಿಗೆಗೆ ಮುಟ್ಟಿಸಿಕೊಂಡ.

‘ನೀರು ಜಾಸ್ತಿ ಆಗೈತೆ,’ ಎಂದ.

‘ಡಬ್ಬಿ ತೊಳೆದ ನೀರು ತಳದಲ್ಲಿ ಉಳ್ದಿತ್ತು ಕಣ್ರೀ,’ ಎಂದಳು ಅಮ್ಮ.

ಅಪ್ಪ ಅವಳ ಮುಖ ನೋಡಿದ. ಅರ್ಧ ಲೀಟರಿನ ಮಾತು ತುಟಿಯವರೆಗೆ ಬಂದದ್ದು ನಮಗೆಲ್ಲ ಕಾಣಿಸಿತು. ಅವನು ಅದನ್ನು ನುಂಗಿಕೊಂಡು ಚಮಚ ಕೇಳಿ ತೆಗೆದುಕೊಂಡ. ಅಮ್ಮನ ಪಾತ್ರೆಯನ್ನು ಅವನು ವಾಪಸ್ ಕಳಿಸಲಿಲ್ಲ.